ಅಂಬಾಸಿಡರಿಗೆ ಹೊಸ ಇಂಜಿನ್ ಕೂರಿಸಿದ ವರ್ಷ

ಶಿಗ್ಗಾವಿಯ ಹೆದ್ದಾರಿ ಪಕ್ಕದ ನನ್ನ ಗ್ಯಾರೇಜಿನ ಬಾಗಿಲು ಹಾಕಿದ ಮೇಲೆ ಬೆಳಗಿನ ಹೊತ್ತು ಕಳೆಯುವುದೇ ಕಷ್ಟವಾಗಿದೆ. ಇದನ್ನು ಕಂಡೋ ಏನೋ, ಐಟಿಐಯಲ್ಲಿ ಮೆಕ್ಯಾನಿಕ್ ಕೆಲಸ ಕಲಿಸುವ ಮಾಸ್ತರರೊಬ್ಬರು ಮನೆಗೆ ಬಂದು, ನಲವತ್ತು ವರ್ಷ ದುಡಿದದ್ದರಲ್ಲಿ ನೆನಪಿದ್ದಷ್ಟನ್ನು ಬರೆದುಕೊಡಿ, ಈಗ ಕಲಿಯುವವರಿಗೆ ಓದಿಸುತ್ತೇನೆ ಅಂದರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬರೆಯಲು ಬರುವುದಿಲ್ಲ ಎಂದೆ. ಹೇಳಿದಂತೆಯೇ ಬರೆಯಿರಿ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯಿರಿ ಅಂದರು.

ಗ್ಯಾರೇಜಿಗೆ ಬಂದವರೆಲ್ಲ ಗೋಡೆಗೆ ಹಾಕಿದ್ದ ಒಂದು ಫೋಟೋ ನೋಡಿ ಅದರ ಬಗ್ಗೆಯೇ ಕೇಳುತ್ತಿದ್ದರು. ತಿಳಿಹಸಿರು ಬಣ್ಣದ ಅಂಬಾಸಿಡರ್ ಕಾರು. ಹೊರಗಿನಿಂದ ನೋಡಿದರೆ ನಮ್ಮ ಹಿರಿಯರ ಕಾಲದ್ದು, ಬಾನೆಟ್ ಎತ್ತಿದರೆ ಒಳಗೆ ಈಗಿನ ಕಾಲದ ಇಂಜಿನ್. ನಾನು ಖುಷಿಯಿಂದ ಅದನ್ನು ಕಟ್ಟಿದ ಕತೆ ಹೇಳುತ್ತಿದ್ದೆ. ಆದರೆ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಉಳಿದ ಅರ್ಧ ದಾವಲಸಾಬನಿಗೆ ಸೇರಿದ್ದು. ಅದನ್ನು ಯಾರಿಗೂ ಹೇಳಿಲ್ಲ. ಬರೆಯಬೇಕಾದ್ದು ಅದೇ ಎಂದು ಈಗ ಅನ್ನಿಸುತ್ತಿದೆ.

ದಾವಲಸಾಬ ಸವಣೂರಿನವನು. ನಾವಿಬ್ಬರೂ ಬಂಕಾಪುರದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಒಂದೇ ವರ್ಷ ಕೆಲಸಕ್ಕೆ ಸೇರಿದೆವು. ನಾನು ಇಂಜಿನ್ ಕಡೆ, ಅವನು ತಗಡು ಬಡಿಯುವ, ಬಣ್ಣ ಹೊಡೆಯುವ ಕಡೆ. ಉಸ್ತಾದರು ಕಲಿಸುತ್ತಿದ್ದ ರೀತಿ ಈಗಿನವರಿಗೆ ವಿಚಿತ್ರ ಕಾಣಬಹುದು. ಒಂದು ವರ್ಷ ನಮ್ಮ ಕೈಗೆ ನಟ್ಟು ಬಿಗಿಯುವ ಪಾನೆ ಕೊಡಲಿಲ್ಲ. ಸ್ಕ್ರೂ ಡ್ರೈವರಿನ ತುದಿ ಇಂಜಿನ್ ಮೇಲೆ ಇಟ್ಟು, ಹಿಡಿಕೆ ಕಿವಿಗೆ ಒತ್ತಿಕೊಂಡು ಬರೇ ಕೇಳು ಅನ್ನುತ್ತಿದ್ದರು. ಯಾವ ಸದ್ದು ಬೇರಿಂಗಿನದು, ಯಾವುದು ವಾಲ್ವಿನದು ಎಂದು ಹೇಳಲು ಬಂದ ಮೇಲೆಯೇ ಪಾನೆ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಅಲ್ಲಿಯೇ ಆದದ್ದು. ಸವಣೂರಿನ ತೋಟದಿಂದ ವೀಳ್ಯದೆಲೆ ತುಂಬಿಕೊಂಡು ಹೋಗುವ ಗಾಡಿಗೆ ಚಕ್ರ ಬದಲಿಸಿ ಹಾಕಿದ್ದೆ. ಯಾರೋ ಕರೆದರು, ಎದ್ದು ಹೋದೆ, ಎರಡು ನಟ್ಟು ಬಿಗಿಯುವುದು ಮರೆತೇಹೋಯಿತು. ಮೂರು ಮೈಲಿ ಹೋಗುವಷ್ಟರಲ್ಲಿ ಚಕ್ರ ಕಳಚಿ ಗಾಡಿ ಗದ್ದೆಗೆ ಇಳಿಯಿತು. ಚಾಲಕನ ಮೊಣಕೈ ತರಚಿತು, ಎಲೆಯ ಪೆಂಡಿಗಳೆಲ್ಲ ಕೆಸರು ಪಾಲು. ಗಾಡಿಯ ಮಾಲಕ ಸಿಟ್ಟಿನಿಂದ ಗ್ಯಾರೇಜಿಗೆ ಬಂದು, ಚಕ್ರ ಹಾಕಿದವನು ಯಾರು ಎಂದು ಕೇಳಿದ. ನಾನು ಕಂಬದ ಹಿಂದೆ ನಿಂತಿದ್ದೆ. ಉಸ್ತಾದರು ಕೈ ಒರೆಸಿಕೊಳ್ಳುತ್ತ ಎದ್ದು, ‘ನಾನ ಹಾಕಿದ್ದು’ ಅಂದರು. ಅಷ್ಟು ವರ್ಷ ಅವರ ಹೆಸರಿಗೆ ಇದ್ದ ಮಾನ ಆವತ್ತು ಬಜಾರಿನಲ್ಲಿ ಸ್ವಲ್ಪ ಕಡಿಮೆಯಾಯಿತು. ನನ್ನನ್ನು ಬೈಯಲಿಲ್ಲ. ಮರುದಿನದಿಂದ ನಾನು ಬಿಗಿದ ಪ್ರತಿ ನಟ್ಟನ್ನೂ ಒಮ್ಮೆ ಮುಟ್ಟಿ ನೋಡುತ್ತಿದ್ದರು, ಅಷ್ಟೇ.

ಮುಂದೆ ನಾನು ಶಿಗ್ಗಾವಿಯಲ್ಲಿ ಸ್ವಂತ ಗ್ಯಾರೇಜು ಹಾಕಿದಾಗ ದಾವಲಸಾಬ ಜೊತೆಗೆ ಬಂದ. ದಿನಾ ಸವಣೂರಿನಿಂದ ಬಸ್ಸಿಗೆ ಬರುವನು, ಅಂಗಿಯ ಕಿಸೆಯಲ್ಲಿ ಅವನೂರಿನ ಕುರುಕಲು ತಿಂಡಿ, ಖಾರದ ಪೊಟ್ಟಣ. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅದನ್ನು ನಡುವೆ ಸುರಿಯುವನು. ಮೂವತ್ತು ವರ್ಷ ಹೀಗೆಯೇ ಕುಳಿತು ಉಂಡೆವು. ಅವನ ಅಂಗೈಯಂಥ ಅಂಗೈಯನ್ನು ನಾನು ಮತ್ತೆ ನೋಡಿಲ್ಲ. ತಗಡಿನ ಮೇಲೆ ತೆಳು ಬಟ್ಟೆ ಹಾಸಿ, ಕಣ್ಣು ಮುಚ್ಚಿ ಕೈ ಆಡಿಸಿ, ಇಲ್ಲಿ ಕೂದಲೆಳೆಯಷ್ಟು ತಗ್ಗು ಇದೆ ಎಂದು ಬೆರಳಿಡುತ್ತಿದ್ದ. ದೀಪ ಹಿಡಿದು ನೋಡಿದರೆ ನಿಜವಾಗಿಯೂ ಅಲ್ಲಿಯೇ ಇರುತ್ತಿತ್ತು.

ಬಣ್ಣ ಹೊಡೆಯುವಾಗ ಅವನು ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಕೆಲವೊಮ್ಮೆ ಅದೂ ಇಲ್ಲ. ಕೆಲಸ ಮುಗಿದ ಮೇಲೆ ಒಂದು ಹಿಡಿ ಬೆಲ್ಲ ತಿನ್ನುವುದು, ಒಂದು ಲೋಟ ಹಾಲು ಕುಡಿಯುವುದು. ಬೆಲ್ಲ ತಿಂದರೆ ಒಳಗೆ ಹೋದ ಬಣ್ಣ ಹೊರಗೆ ಬರುತ್ತದೆ ಎಂದು ನಮ್ಮ ಉಸ್ತಾದರು ಹೇಳಿದ್ದರು, ಅವರಿಗೆ ಅವರ ಉಸ್ತಾದರು ಹೇಳಿದ್ದರು. ನಾವು ನಂಬಿದ್ದೆವು. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಬಣ್ಣ ಹೋಗಿದ್ದು ಎದೆಗೂಡಿಗೆ ಎಂದು ನಮಗೆ ಬಿಡಿಸಿ ಹೇಳಿದವರಿಲ್ಲ. ನಾವಾದರೂ ಯಾರನ್ನೂ ಕೇಳಲಿಲ್ಲ. ಆಮೇಲೆ ಹೊಸ ಜಾತಿಯ ಬಣ್ಣಗಳು ಬಂದವು. ಅವಕ್ಕೆ ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸುತ್ತಾರೆ. ಹೊಳಪು ಹೆಚ್ಚು, ಬಾಳಿಕೆ ಹೆಚ್ಚು, ಆದರೆ ಹೊಡೆಯುವಾಗ ಏಳುವ ಅದರ ಮಂಜು ಹಳೆಯ ಬಣ್ಣದ್ದಕ್ಕಿಂತ ಬಹಳ ಕೆಟ್ಟದ್ದು. ಡಬ್ಬಿಯ ಮೇಲೆ ಮುಖವಾಡ ಹಾಕಿಕೊಂಡ ಮನುಷ್ಯನ ಚಿತ್ರ ಇರುತ್ತದೆ. ಡಬ್ಬಿಯನ್ನು ನಾವು ಮುಚ್ಚಳ ತೆಗೆಯುವಾಗ ಮಾತ್ರ ನೋಡುತ್ತಿದ್ದೆವು.

ಆ ಅಂಬಾಸಿಡರ್ ನಮ್ಮಲ್ಲಿಗೆ ಬಂದದ್ದು ಲಾರಿಯ ಮೇಲೆ, ಹಗ್ಗ ಕಟ್ಟಿಸಿಕೊಂಡು. ತಂದವರು ಹಿರೇಕೆರೂರಿನ ಸರೋಜಕ್ಕ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಎಡಗಾಲು ಸೊರಗಿತ್ತು, ಕೋಲು ಊರಿ ನಡೆಯುತ್ತಿದ್ದರು. ಅವರ ತಂದೆ ಮಾಸೂರಿನಲ್ಲಿ ಈ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರಂತೆ. ಸುತ್ತಲಿನ ಹಳ್ಳಿಗಳ ಬಾಣಂತಿಯರು, ಮದುಮಕ್ಕಳು, ಹಾವು ಕಡಿದವರು ಎಲ್ಲರೂ ಅದರಲ್ಲಿ ಕುಳಿತವರೇ. ತಂದೆ ಹೋದ ಮೇಲೆ ಕಾರು ತಗಡಿನ ಶೆಡ್ಡಿನಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು.

ಏನು ಮಾಡಬೇಕು ಎಂದು ಕೇಳಿದೆ. ಅವರು ಕಾರಿನ ಬಾಗಿಲಿಗೆ ಒರಗಿ ನಿಂತು ಹೇಳಿದರು:

‘ಅಪ್ಪ ನನ್ನ ಎಲ್ಲಾ ಕಡೆ ಇದರಾಗ ಕೂಡಿಸ್ಕೊಂಡು ಅಡ್ಡಾಡ್ಯಾರ್ರಿ. ಕಾಲಿನ ಔಷಧಕ್ಕ, ಸಾಲಿಗೆ, ಆಮ್ಯಾಲೆ ನೌಕರಿಗೆ. ಒಮ್ಮೆನೂ ಸ್ಟೇರಿಂಗ್ ಕೈಗೆ ಕೊಡಲಿಲ್ಲ. ಕ್ಲಚ್ ತುಳಿಯೂ ಕಾಲು ನನಗ ಇಲ್ಲಲ್ಲ. ಈಗಿನ ಗಾಡಿಗೆ ಕ್ಲಚ್ಚ ಇರಂಗಿಲ್ಲಂತ. ಅಂಥಾದ್ದು ಇದಕ್ಕ ಹಾಕಿ ಕೊಡ್ರಿ. ನಾನ ಹೊಡೀತೇನಿ.’

ಕ್ಲಚ್ ಇಲ್ಲದ ಹೊಸ ಕಾರೇ ಸಿಗುತ್ತದಲ್ಲ, ಇದಕ್ಕೆ ಬಹಳ ತಾಪತ್ರಯ ಎಂದೆ. ‘ಅದು ನನಗೂ ಗೊತ್ತೈತ್ರಿ’ ಎಂದರು. ಅಷ್ಟರಲ್ಲಿ ದಾವಲಸಾಬ ಕಾರಿನ ಸುತ್ತ ಒಂದು ಸುತ್ತು ಬಂದು, ಧೂಳಿನ ಮೇಲೆಯೇ ಅಂಗೈ ಒತ್ತಿ ನೋಡಿದ್ದ. ನನ್ನ ಕಿವಿಯ ಹತ್ತಿರ ಬಂದು, ತಗಡಿಗೆ ಇನ್ನೂ ಜೀವ ಇದೆ, ಬೇಡ ಅನ್ನಬೇಡ ಎಂದ. ಹಾಗೆ ಆ ಕೆಲಸ ಒಪ್ಪಿಕೊಂಡೆವು.

ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಗುದ್ದಿ ಅರ್ಧ ನುಜ್ಜುಗುಜ್ಜಾದ ಒಂದು ದೊಡ್ಡ ಗಾಡಿ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಅದರ ಇಂಜಿನ್ನು, ತನ್ನಷ್ಟಕ್ಕೆ ಬದಲಾಗುವ ಗೇರು, ಹಗುರಾಗಿ ತಿರುಗುವ ಸ್ಟೇರಿಂಗು, ಮುಂದಿನ ಚಕ್ರದ ಡಿಸ್ಕ್ ಬ್ರೇಕು ಎಲ್ಲ ಸರಿ ಇದ್ದವು. ಅವನ್ನು ಅಂಬಾಸಿಡರಿನ ಹೊಟ್ಟೆಗೆ ಇಳಿಸಬೇಕು. ಅಳೆದೆ, ಬರೆದುಕೊಂಡೆ, ಗೇರ್ ಬಾಕ್ಸ್ ಕೂರಲೆಂದು ಒಳನೆಲದ ತಗಡು ಕತ್ತರಿಸಿದೆ. ಇಂಜಿನ್ ಇಳಿಸಿ ಬಾನೆಟ್ ಮುಚ್ಚಲು ಹೋದರೆ ಎರಡು ಬೆರಳು ಅಂತರ ಉಳಿಯಿತು. ಬಾನೆಟ್ ಮುಚ್ಚಿದ ಮೇಲಿನ ಎತ್ತರ ಅಳೆಯದೆ, ಎತ್ತಿದಾಗಿನ ಅಂದಾಜಿನಲ್ಲೇ ಹೋಗಿದ್ದೆ. ಅಷ್ಟು ವರ್ಷ ದುಡಿದವನು ಮಾಡುವ ತಪ್ಪಲ್ಲ ಅದು. ಆದರೂ ಒಪ್ಪಿಕೊಳ್ಳಲಿಲ್ಲ. ಬಾನೆಟ್ಟಿಗೆ ಒಂದು ಕಿಂಡಿ ಕತ್ತರಿಸಿ ಮೇಲೆ ಉಬ್ಬು ಕೂರಿಸೋಣ, ಈಗ ಅದೇ ಫ್ಯಾಶನ್ ಎಂದೆ.

ದಾವಲಸಾಬ ಬಾನೆಟ್ ಮೇಲೆ ಕೈ ಇಟ್ಟುಕೊಂಡು ನಿಂತು ನನಗೆ ಹೇಳಿದ. ‘ಚನ್ಯಾ, ತಪ್ಪು ನಿಂದು. ತಗಡಿಂದಲ್ಲ. ಇಂಜಿನ್ ಕೆಳಗ ಇಳಸು.’

ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ಇಂಜಿನ್ ಹೊರಗೆ ತೆಗೆದು, ಅದು ಕೂರುವ ಮೌಂಟಿಂಗುಗಳನ್ನು ಕತ್ತರಿಸಿ ಒಂದೂವರೆ ಇಂಚು ಕೆಳಗೆ ವೆಲ್ಡ್ ಮಾಡಿದೆ. ಬಾನೆಟ್ ತಾನಾಗಿ ಕೂತಿತು. ಅವನು ಖಾರದ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದ.

ಆಮೇಲೆ ಇಂಜಿನ್ ಶುರುವಾಗಲೇ ಇಲ್ಲ. ಡೀಸೆಲ್ ಇದೆ, ಬ್ಯಾಟರಿ ಇದೆ, ಎಲ್ಲ ಇದೆ. ಸ್ಕ್ರೂ ಡ್ರೈವರ್ ಕಿವಿಗೆ ಹಚ್ಚಿಕೊಂಡು ಹುಡುಕಿದೆ, ಕೇಳಲು ಸದ್ದೇ ಇಲ್ಲ. ಕೊನೆಗೆ ಹುಬ್ಬಳ್ಳಿಯಿಂದ ವೈರಿಂಗ್ ಕೆಲಸದ ಒಬ್ಬ ಹೆಣ್ಣುಮಗಳನ್ನು ಕರೆಸಿದೆವು. ಆಕೆ ಲ್ಯಾಪ್‌ಟಾಪಿಗೆ ಒಂದು ವೈರು ಸಿಕ್ಕಿಸಿ ಹತ್ತು ನಿಮಿಷ ನೋಡಿದಳು. ಇಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ ತನ್ನ ಹಳೆಯ ಗಾಡಿಯ ಕೀಲಿಯನ್ನು ಹುಡುಕುತ್ತಿದೆ, ಅದು ಸಿಗುವವರೆಗೆ ಏಳುವುದಿಲ್ಲ ಎಂದಳು. ಆ ಕೀಲಿಯ ಗುರುತನ್ನು ಹೊಸದಾಗಿ ಬರೆದು ಕೊಟ್ಟಳು. ಮೊದಲ ಸಲಕ್ಕೇ ಇಂಜಿನ್ ಎದ್ದಿತು. ಕಲಿಯುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆವತ್ತು ನನಗೆ ಅವಮಾನ ಅನ್ನಿಸಿತ್ತು. ಅನ್ನಿಸಬಾರದಿತ್ತು. ಎದುರಿಗೆ ಕೂತು ಇದು ಹೇಗೆ ಎಂದು ಕೇಳಿದ್ದರೆ ಆಕೆ ಹೇಳಿಕೊಡುತ್ತಿದ್ದಳು. ನಾನು ಚಹಾ ತರಿಸುವ ನೆಪದಲ್ಲಿ ಹೊರಗೆ ಹೋದೆ.

ದಾವಲಸಾಬನ ಕೆಮ್ಮು ಆ ಹೊತ್ತಿಗಾಗಲೇ ಒಂದು ವರ್ಷದ್ದು. ಬಸ್ ಸ್ಟ್ಯಾಂಡಿನಿಂದ ಗ್ಯಾರೇಜಿಗೆ ನಡೆದು ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದ. ಹುಬ್ಬಳ್ಳಿಯ ಡಾಕ್ಟರರು ಎದೆಯ ಚಿತ್ರ ತೆಗೆಸಿ ನೋಡಿ, ಇನ್ನು ಬಣ್ಣದ ಹತ್ತಿರ ಹೋಗಕೂಡದು ಎಂದಿದ್ದರು. ಅದನ್ನು ಅವನು ನನಗೆ ಹೇಳಿದ್ದು ನಗುತ್ತ, ಬೇರೆ ಯಾರದೋ ಸುದ್ದಿ ಹೇಳಿದಂತೆ. ಅವನ ಹೆಂಡತಿ ಹುಸೇನಬಿ ಫೋನ್ ಮಾಡಿ, ಅವರಿಗೆ ತಗಡಿನ ಕೆಲಸ ಅಷ್ಟೇ ಕೊಡಿ, ಬಣ್ಣ ಬೇಡ ಎಂದು ಕೇಳಿಕೊಂಡಿದ್ದಳು. ಆಗಲಿ ಎಂದಿದ್ದೆ. ಐದಾರು ತಿಂಗಳು ಹಾಗೇ ನಡೆಸಿದೆ ಕೂಡ. ಬಣ್ಣದ ಕೆಲಸ ಬಂದರೆ ಹುಬ್ಬಳ್ಳಿಯಲ್ಲಿ ಗಾಜಿನ ಕೋಣೆ ಕಟ್ಟಿ, ಗಾಳಿ ಎಳೆಯುವ ಯಂತ್ರ ಹಾಕಿ ಬಣ್ಣ ಹೊಡೆಯುವವರ ಕಡೆ ಕಳಿಸುತ್ತಿದ್ದೆ.

ಅಂಬಾಸಿಡರಿಗೆ ಸರೋಜಕ್ಕ ತಂದೆಯ ಕಾಲದ ಬಣ್ಣವೇ ಬೇಕೆಂದಿದ್ದರು. ಹೊರಗಿನದು ಬಿಸಿಲಿಗೆ ಬಿಳಿಚಿಹೋಗಿತ್ತು. ಬಾಗಿಲಿನ ರಬ್ಬರ್ ಕಿತ್ತಾಗ ಅದರ ಕೆಳಗೆ ಬೆರಳಗಲ ಅಸಲು ಬಣ್ಣ ಸಿಕ್ಕಿತು. ಬಣ್ಣದ ಅಂಗಡಿಯ ಕಂಪ್ಯೂಟರಿನಲ್ಲಿ ಅದಕ್ಕೆ ಸರಿಹೊಂದುವುದು ಇರಲಿಲ್ಲ. ದಾವಲಸಾಬ ಆ ಬೆರಳಗಲ ಜಾಗವನ್ನೇ ನೋಡುತ್ತ ಮೂರು ದಿನ ಕೂತು ಕಲಸಿದ. ಹಸಿರಿಗೆ ಬಿಳಿ, ಒಂದು ಚೂರು ಹಳದಿ, ಕಡ್ಡಿಯ ತುದಿಯಲ್ಲಿ ಕಪ್ಪು. ನಾಲ್ಕನೆಯ ದಿನ ತಗಡಿನ ಚೂರಿಗೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಬಾಗಿಲಿನ ಪಕ್ಕ ಹಿಡಿದ. ಎಲ್ಲಿ ಹಳೆಯದು, ಎಲ್ಲಿ ಹೊಸದು ಎಂದು ನನಗೆ ಗೊತ್ತಾಗಲಿಲ್ಲ.

ಇಂಜಿನ್ ಬದಲಿಸಿದ ಗಾಡಿಯನ್ನು ಹಾವೇರಿಯ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕಿತ್ತು. ದಿನ ನಿಗದಿಯಾಗಿತ್ತು. ಹುಬ್ಬಳ್ಳಿಯವರನ್ನು ಕೇಳಿದರೆ, ಕೋಣೆ ಖಾಲಿ ಇಲ್ಲ, ಮೂರು ವಾರ ಬಿಟ್ಟು ತನ್ನಿ ಎಂದರು. ಸರೋಜಕ್ಕನಿಗೆ ಹೇಳಿದ್ದರೆ ದಿನ ಮುಂದೆ ಹಾಕಿಸುತ್ತಿದ್ದರು. ಅವರು ಎಂದೂ ಅವಸರ ಮಾಡಿದವರಲ್ಲ. ದಾವಲಸಾಬ ಕಲಸಿದ ಬಣ್ಣವನ್ನು ಹುಬ್ಬಳ್ಳಿಯವರೇ ಹೊಡೆಯಬಹುದಿತ್ತು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಆದರೆ ಹನ್ನೊಂದು ತಿಂಗಳು ನಾವಿಬ್ಬರೇ ನಟ್ಟು ನಟ್ಟು ಕೂಡಿಸಿ ಕಟ್ಟಿದ ಗಾಡಿ. ಕೊನೆಗೆ ನೋಡಿದವರು ಬಣ್ಣ ಯಾರದು ಎಂದು ಕೇಳಿದರೆ, ಹುಬ್ಬಳ್ಳಿಯದು ಎನ್ನಲು ನನಗೆ ಮನಸ್ಸಿರಲಿಲ್ಲ.

ದಾವಲಸಾಬನೇ ಬಂದು ಮಾತು ತೆಗೆದ. ‘ಇದೊಂದು ಹೊಡೀತೇನಿ. ಇದಾದ ಮ್ಯಾಲೆ ಬ್ರಷ್ ಸುದ್ದಾ ಹಿಡಿಯಂಗಿಲ್ಲ.’

ನಾನು ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಹೋಗಿ ಹುಬ್ಬಳ್ಳಿಯಿಂದ ಗಾಳಿ ಸೋಸುವ ಎರಡು ಡಬ್ಬಿ ಇರುವ ಒಳ್ಳೆಯ ಮುಖವಾಡ ತಂದುಕೊಟ್ಟೆ. ತಂದೆನಲ್ಲ, ನನ್ನ ಕೆಲಸ ಮುಗಿಯಿತು ಅನ್ನಿಸಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಧೂಳು ಬರದ ಹಾಗೆ ಶೆಡ್ಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ನೆಲಕ್ಕೆ ನೀರು ಹೊಡೆದು ಶುರುಮಾಡಿದ. ಬಣ್ಣದ ಮೊದಲ ಎರಡು ಕೋಟು ಮುಖವಾಡ ಹಾಕಿಕೊಂಡೇ ಹೊಡೆದ. ಕೊನೆಯ ಕೋಟಿಗೆ ನಾನು ಹಾಳೆ ಸರಿಸಿ ಒಳಗೆ ನೋಡಿದೆ. ಮುಖವಾಡ ಅವನ ಕೊರಳಲ್ಲಿ ತೂಗುತ್ತಿತ್ತು. ಅದನ್ನು ಹಾಕಿಕೊಂಡರೆ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಕನ್ನಡಕಕ್ಕೂ ಹಬೆ ಕಟ್ಟುತ್ತಿತ್ತು. ಹಸಿರು ಮಂಜಿನ ನಡುವೆ ನಿಂತು ಮೇಲ್ಛಾವಣಿ ಮುಗಿಸಿ ಬಾನೆಟ್ಟಿನ ಅರ್ಧಕ್ಕೆ ಬಂದಿದ್ದ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಕೊನೆಯ ಕೋಟಿನ ನಡುವೆ ಬಣ್ಣದ ಗನ್ ನಿಲ್ಲಿಸಿದರೆ ಅಲ್ಲಿ ಒಂದು ಗೆರೆ ಬೀಳುತ್ತದೆ. ಒಣಗಿದ ಮೇಲೆ ಉಜ್ಜಿ ಮತ್ತೆ ಹೊಡೆಯಬೇಕು, ಎರಡು ದಿನದ ಕೆಲಸ. ನಾನು ಆ ಗೆರೆಯ ಬಗ್ಗೆ ಯೋಚಿಸಿದೆ. ಹಾಳೆ ಮತ್ತೆ ಮೊದಲಿನಂತೆ ಬಿಟ್ಟು ಹೊರಗೆ ಬಂದು ಕುಳಿತೆ. ಒಳಗೆ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಸದ್ದು ಇನ್ನೂ ಇಪ್ಪತ್ತು ನಿಮಿಷ ಕೇಳುತ್ತಿತ್ತು. ಈ ಕೆಲಸಕ್ಕೆ ಬರುವವರು ಬೇರೆ ಏನನ್ನು ಮರೆತರೂ ಈ ಇಪ್ಪತ್ತು ನಿಮಿಷವನ್ನು ಮರೆಯಬಾರದು ಎಂದೇ ಇಷ್ಟು ಬಿಡಿಸಿ ಬರೆದಿದ್ದೇನೆ.

ಹಾವೇರಿಯಲ್ಲಿ ಗಾಡಿ ಪಾಸಾಯಿತು. ಹಿರೇಕೆರೂರಿಗೆ ಮುಟ್ಟಿಸಲು ನಾವಿಬ್ಬರೂ ಹಾನಗಲ್ ದಾರಿಯಿಂದ ಹೋದೆವು. ಸರೋಜಕ್ಕ ಅಷ್ಟರಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆಸಿದ್ದರು. ಕೋಲನ್ನು ಹಿಂದಿನ ಸೀಟಿನಲ್ಲಿ ದಾವಲಸಾಬನ ಕೈಗೆ ಕೊಟ್ಟು ಸ್ಟೇರಿಂಗ್ ಮುಂದೆ ಕೂತರು. ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನಾವು ಉಳಿಸಿದ್ದ ಅವರ ತಂದೆಯ ಕಾಲದ ದುಂಡು ಮೀಟರನ್ನು ಸೆರಗಿನಿಂದ ಒರೆಸಿದರು. ಆಮೇಲೆ ನಿಧಾನವಾಗಿ ಮಾಸೂರಿನವರೆಗೆ ನಡೆಸಿದರು. ಮದಗದ ಕೆರೆಯ ಹತ್ತಿರ ನಿಲ್ಲಿಸಿ ಇಳಿದು, ನಮ್ಮಿಬ್ಬರಿಗೂ ಕೈ ಮುಗಿದು ಅತ್ತರು. ದಾವಲಸಾಬ ಕಾರಿನಿಂದ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲು ಉಸಿರು ಬೇಕು ಎಂದು ನನಗೆ ಮಾತ್ರ ಗೊತ್ತಾಯಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿನ ತಗಡಿನ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದ. ಅದು ನಾವು ಮುಗಿಸಿದ ಅತ್ಯಂತ ಒಳ್ಳೆಯ ಕೆಲಸ. ಅದನ್ನು ನಾನು ಸುಳ್ಳು ಮಾಡಲಾರೆ.

ಆಮೇಲೆ ಅವನು ಗ್ಯಾರೇಜಿಗೆ ಬಂದದ್ದು ನಾಲ್ಕೇ ದಿನ. ಮನೆಯಲ್ಲಿ ಆಮ್ಲಜನಕದ ಯಂತ್ರ ಬಂತು. ವಾರಕ್ಕೆ ಎರಡು ಸಲ ನಾನು ಸವಣೂರಿಗೆ ಹೋಗಿ ಅವನ ಪಕ್ಕ ಕೂರುತ್ತಿದ್ದೆ. ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಗ್ಯಾರೇಜಿಗೆ ಬಂದ ಗಾಡಿಗಳ ಸುದ್ದಿ ಕೇಳುವನು. ಯಾರ ಮೇಲೂ ಅವನಿಗೆ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಮ್ಮೆ ನಾನೇ ಆ ದಿನದ ಮಾತು ತೆಗೆಯಲು ಹೋದೆ. ಅವನು ಕೈಯಾಡಿಸಿ ಬೇಡ ಎಂದ. ಕೇಳಲು ಇಷ್ಟವಿರಲಿಲ್ಲವೋ, ಮಾತಾಡಲು ಉಸಿರಿರಲಿಲ್ಲವೋ ತಿಳಿಯದು. ಎಂಟು ತಿಂಗಳು ಹೀಗೆ ಹೋಯಿತು. ಒಂದು ಶುಕ್ರವಾರ ಮಧ್ಯಾಹ್ನ ನಾನು ಯಾರದೋ ಲಾರಿಯ ಕೆಳಗೆ ಮಲಗಿದ್ದಾಗ ಫೋನು ಬಂತು. ಅವನ ಮಣ್ಣಿಗೆ ಹೋದೆ. ನನ್ನ ಉಗುರಿನಲ್ಲಿ ಇನ್ನೂ ಗ್ರೀಸ್ ಇತ್ತು.

ನಲವತ್ತು ದಿನ ಕಳೆದ ಮೇಲೆ ಮತ್ತೆ ಅವರ ಮನೆಗೆ ಹೋದೆ. ಹುಸೇನಬಿ ಪಡಸಾಲೆಯಲ್ಲಿ ಕೂತು ತೋಟದಿಂದ ಬಂದ ವೀಳ್ಯದೆಲೆ ಆರಿಸಿ ಪೆಂಡಿ ಕಟ್ಟುತ್ತಿದ್ದಳು. ಅದು ಅವಳ ಮೊದಲಿನಿಂದಲೂ ಇದ್ದ ಕೆಲಸ. ಕೂರಲು ಚಾಪೆ ಹಾಕಿದಳು. ಎಲೆ ಜೋಡಿಸುತ್ತಲೇ ಕೇಳಿದಳು:

‘ಆ ಹಿರೇಕೆರೂರ ಕಾರಿಗೆ ಬಣ್ಣ ಹೊಡದ್ರಲ್ಲ, ಆವತ್ತ ಅವ್ರು ಮಾಸ್ಕ್ ಹಾಕ್ಕೊಂಡಿದ್ರೇನ್ರಿ ಅಣ್ಣಾರ? ಹಾಕ್ಕೊಂಡಿದ್ದೆ ಅಂತ ನನಗ ಹೇಳಿದ್ರು.’

ಹೂಂ ಎಂದುಬಿಡಬಹುದಿತ್ತು. ಸತ್ತವನ ಮಾತು ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

‘ಮೊದಲ ಹಾಕ್ಕೊಂಡಿದ್ದ. ಆಮ್ಯಾಲೆ ತಗದಬಿಟ್ಟ. ನಾ ನೋಡಿದೆ. ನಿಲ್ಲಸು ಅನ್ನಲಿಲ್ಲವ್ವ.’

ಅವಳ ಕೈ ನಿಂತಿತು. ‘ನನಗ ಗೊತ್ತಿತ್ರಿ’ ಎಂದಳು. ‘ಮೂರು ದಿವಸ ಕೆಮ್ಮಿ ಕೆಮ್ಮಿ ತಲಿದಿಂಬು ಹಸರ ಆಗಿತ್ತು. ಒಗದಾಕಿ ನಾನ. ನೀವು ಖರೇ ಹೇಳ್ತೀರೋ ಇಲ್ಲೋ ಅಂತ ಕೇಳಿದೆ.’

ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಕುಡಿದೆ. ಹೊರಡಲು ಎದ್ದಾಗ ಬಾಗಿಲವರೆಗೆ ಬಂದಳು. ಸಿಟ್ಟು ಇರಲಿಲ್ಲ ಅವಳ ದನಿಯಲ್ಲಿ.

‘ಇನ್ನ ಸ್ವಲ್ಪ ದಿವಸ ಈ ಕಡೆ ಬರಬ್ಯಾಡ್ರಿ ಅಣ್ಣಾರ. ನಿಮ್ಮನ್ನ ನೋಡಿದ್ರ ನನಗ ಆ ಗ್ಯಾರೇಜ ಕಾಣ್ತೈತಿ. ಆಮ್ಯಾಲೆ ನಾನ ಹೇಳಿ ಕಳಸ್ತೇನಿ.’

ಆಗಲವ್ವ ಎಂದು ಬಸ್ ಸ್ಟ್ಯಾಂಡಿಗೆ ನಡೆದೆ. ಆ ತಿಂಗಳ ಕೊನೆಗೆ ಗ್ಯಾರೇಜು ಮುಚ್ಚಿದೆ. ಎರಡು ವರ್ಷವಾಯಿತು. ಸವಣೂರಿನಿಂದ ಇನ್ನೂ ಹೇಳಿ ಕಳಿಸಿಲ್ಲ.